ಟೋಪಿ ಬಿದ್ದರೆ ಸಾಲದು: ನೀರಿನ ರಾಕೆಟ್ಟಿಗೆ ಪ್ಯಾರಾಚೂಟ್ ಕೂರಿಸಿದ ಒಂದು ಪ್ರಕರಣ

ಈ ಪ್ರಕರಣದಲ್ಲಿ ಇರುವವರು ಇಬ್ಬರು ಮಕ್ಕಳು. ಅಣ್ಣನಿಗೆ 15 ವರ್ಷ, ತಂಗಿಗೆ 12. ಹೆಸರು, ಊರು, ಶಾಲೆ ಯಾವುದನ್ನೂ ಬರೆಯುವುದಿಲ್ಲ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಇಲ್ಲಿ ಅವರು ಬರೀ ಅಣ್ಣ, ತಂಗಿ. ಅವರಿಗೆ ನಾನು ಮಾಮ. ಸುಮಾರು ಮೂರು ತಿಂಗಳು, ವಾರಕ್ಕೊಮ್ಮೆ ಅವರ ಜೊತೆ ಬಯಲಿನಲ್ಲಿ ನಿಂತೆ. ಕಂಡದ್ದು, ಅಳೆದದ್ದು, ತಪ್ಪಿದ್ದು ಎಲ್ಲವನ್ನೂ ತಂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಈ ಬರಹದ ಬಹುಪಾಲು ಆ ನೋಟ್‌ಬುಕ್ಕಿನಿಂದಲೇ ಬಂದದ್ದು.

ಮೊದಲು ಇದ್ದ ರಾಕೆಟ್ಟು

ರಾಕೆಟ್ಟು ಸರಳವಾಗಿತ್ತು. ತಂಪು ಪಾನೀಯದ 2 ಲೀಟರ್ ಬಾಟಲಿಯನ್ನು ತಲೆಕೆಳಗು ಮಾಡಿದ್ದರು. ಕೆಳಗೆ ಮೂರು ರೆಕ್ಕೆ, ಮೇಲೆ ಮೊನಚಾದ ಒಂದು ಟೋಪಿ. ಟೋಪಿಯೊಳಗೆ 40 ಗ್ರಾಂ ಜೇಡಿ. ರಾಕೆಟ್ಟು ನೇರ ಹೋಗಬೇಕಾದರೆ ತಲೆ ಭಾರ ಇರಬೇಕು, ಅದಕ್ಕೆ ಈ ಜೇಡಿ. ಮೂರನೇ ಒಂದು ಭಾಗದಷ್ಟು ನೀರು, ಅಂದರೆ ಸುಮಾರು 650 ಮಿಲಿ ಲೀಟರ್, ತುಂಬುತ್ತಿದ್ದರು. ಸೈಕಲ್ ಪಂಪಿನಿಂದ 60 ಪಿಎಸ್‌ಐ ಒತ್ತಡದವರೆಗೆ ಗಾಳಿ ಹೊಡೆದು, 10 ಮೀಟರ್ ದೂರದಿಂದ ಹಗ್ಗ ಎಳೆಯುತ್ತಿದ್ದರು. ಹಗ್ಗ ಎಳೆದರೆ ಬಾಟಲಿಯ ಹಿಡಿತ ಬಿಡುತ್ತದೆ, ಒಳಗಿನ ಗಾಳಿ ನೀರನ್ನು ಕೆಳಗೆ ಚಿಮ್ಮಿಸುತ್ತದೆ, ರಾಕೆಟ್ಟು ಮೇಲೇಳುತ್ತದೆ.

ಹಾರಾಟ ಚೆನ್ನಾಗಿಯೇ ಇತ್ತು. ಬಿಟ್ಟ ಕ್ಷಣದಿಂದ ನೆಲಕ್ಕೆ ಬಡಿಯುವವರೆಗೆ ಸುಮಾರು 6 ಸೆಕೆಂಡು. ಎತ್ತರವನ್ನು ಅಂದಾಜಿಸಲು ಒಂದು ಸುಲಭ ದಾರಿ ಇದೆ. ಒಟ್ಟು ಸಮಯದ ವರ್ಗವನ್ನು 1.2ರಿಂದ ಗುಣಿಸಿದರೆ ಮೀಟರಿನಲ್ಲಿ ಎತ್ತರ ಸಿಗುತ್ತದೆ. ಆ ಲೆಕ್ಕದಲ್ಲಿ 43 ಮೀಟರ್ ಆಸುಪಾಸು, ಹದಿನಾಲ್ಕು ಮಹಡಿಯ ಕಟ್ಟಡದಷ್ಟು.

ತೊಂದರೆ ಇದ್ದದ್ದು ಇಳಿಯುವಾಗ. ತಲೆ ಭಾರದ ರಾಕೆಟ್ಟು ತಲೆಕೆಳಗಾಗಿಯೇ ಬರುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೂ ನೆಲ ಮುಟ್ಟುವಾಗ ಸೆಕೆಂಡಿಗೆ 23 ಮೀಟರ್ ವೇಗ. ಗಂಟೆಗೆ 80 ಕಿಲೋಮೀಟರ್ ಓಡುವ ಬೈಕಿನ ವೇಗ ಅದು. ಟೋಪಿ ಪ್ರತಿ ಸಲ ಅಪ್ಪಚ್ಚಿ. ಟೋಪಿಯನ್ನು ಮತ್ತೆ ಮಾಡಬಹುದು, ಅದು ದೊಡ್ಡ ವಿಷಯವಲ್ಲ. ನನಗೆ ಭಯ ಆಗುತ್ತಿದ್ದದ್ದು ಬಾಟಲಿಯನ್ನು ನೋಡಿ. ಬಿದ್ದ ಹೊಡೆತಕ್ಕೆ ಬಾಟಲಿಯ ಮೈಯಲ್ಲಿ ಬಿಳಿ ಗೆರೆಯಂಥ ಮಡಿಕೆ ಮೂಡುತ್ತದೆ. ಅಲ್ಲಿ ಪ್ಲಾಸ್ಟಿಕ್ ಸೋತಿದೆ ಎಂದು ಅರ್ಥ. ಅಂಥ ಬಾಟಲಿಗೆ ಮತ್ತೆ ಗಾಳಿ ತುಂಬಿದರೆ ಪಂಪಿನ ಹತ್ತಿರ ಕೂತವರ ಮುಖದ ಮುಂದೆಯೇ ಅದು ಸಿಡಿಯಬಹುದು. ಆದ್ದರಿಂದ ಮಡಿಕೆ ಬಿದ್ದ ಬಾಟಲಿಯನ್ನು ಎಸೆಯಲೇಬೇಕು ಎಂದು ನಿಯಮ ಮಾಡಿದ್ದೆವು. ಎರಡು ಮೂರು ಹಾರಾಟಕ್ಕೊಂದು ಬಾಟಲಿ ಹೋಗುತ್ತಿತ್ತು. ಬಯಲಿನ ಅಂಚಿನಲ್ಲಿ ಚಿಕ್ಕ ಮಕ್ಕಳು ಬಂದು ನಿಂತ ದಿನ, ತಲೆಕೆಳಗಾಗಿ ಬರುವ ರಾಕೆಟ್ಟನ್ನು ಇನ್ನು ಹಾರಿಸುವುದು ಬೇಡ ಎಂದು ತೀರ್ಮಾನಿಸಿದೆವು. ಪ್ಯಾರಾಚೂಟ್ ಬೇಕೇ ಬೇಕು ಎಂದಾಯಿತು.

ಮೊದಲ ಯೋಚನೆ: ಟೋಪಿ ತಾನಾಗಿ ಬೀಳಲಿ

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೇ ಇವರಿಗೂ ಹೊಳೆಯಿತು. ಟೋಪಿಯನ್ನು ಅಂಟಿಸದೆ ಸಡಿಲವಾಗಿ ಕೂರಿಸುವುದು. ಅದರ ಕೆಳಗೆ ಪ್ಯಾರಾಚೂಟ್ ಮಡಚಿಡುವುದು. ಮೇಲೆ ಹೋಗಿ ರಾಕೆಟ್ಟು ಮಗುಚಿದಾಗ ಟೋಪಿ ಬೀಳುತ್ತದೆ, ಪ್ಯಾರಾಚೂಟ್ ಹೊರಗೆ ಬರುತ್ತದೆ.

ಕಸದ ಚೀಲವನ್ನು ಕತ್ತರಿಸಿ 70 ಸೆಂ.ಮೀ. ಅಗಲದ ಎಂಟು ಮೂಲೆಯ ಹಾಳೆ ಮಾಡಿದರು. ಪ್ರತಿ ಮೂಲೆಗೂ ಟೇಪಿನಿಂದ ಒಂದೊಂದು ದಾರ. ಅಣ್ಣ ಅದನ್ನು ಮಹಡಿಯಿಂದ ಕೆಳಗೆ ಬಿಟ್ಟು ನೋಡಿದ. ಸೊಗಸಾಗಿ ಅರಳಿ ಇಳಿಯಿತು. ಆ ಸಂಭ್ರಮದಲ್ಲೇ ಬಯಲಿಗೆ ಹೋದೆವು.

ರಾಕೆಟ್ಟು ಬಿಟ್ಟು ಅರ್ಧ ಸೆಕೆಂಡು ಆಗಿರಲಿಲ್ಲ, ನಮ್ಮ ತಲೆಯ ಮೇಲೆಯೇ ಟೋಪಿ ಕಳಚಿತು. ಪ್ಯಾರಾಚೂಟ್ ಫಟ್ ಎಂದು ಅರಳಿತು, ಆ ಕ್ಷಣವೇ ಹರಿಯಿತು. ಎಂಟು ದಾರದಲ್ಲಿ ನಾಲ್ಕು ಟೇಪಿನ ಸಮೇತ ಕಿತ್ತು ಬಂದಿದ್ದವು. ಎರಡನೇ ಸಲವೂ ಹೀಗೇ ಆಯಿತು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕಂದರೆ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಇಷ್ಟು ದೊಡ್ಡ ಬಾಯಿಯ ಬಾಟಲಿಯಿಂದ ನೀರೆಲ್ಲ ಹೊರಗೆ ಹೋಗಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಷ್ಟರೊಳಗೆ ರಾಕೆಟ್ಟಿಗೆ ಸೆಕೆಂಡಿಗೆ 35 ಮೀಟರಿಗಿಂತ ಜಾಸ್ತಿ ವೇಗ ಬಂದಿರುತ್ತದೆ. ನೀರು ಮುಗಿದ ಮೇಲೆ ತಳ್ಳುವವರು ಯಾರೂ ಇಲ್ಲ. ಉಳಿದದ್ದು ಹಗುರವಾದ, ದಪ್ಪ ಹೊಟ್ಟೆಯ ಖಾಲಿ ಬಾಟಲಿ. ಗಾಳಿ ಅದನ್ನು ಜೋರಾಗಿ ಹಿಂದಕ್ಕೆ ಹಿಡಿಯುತ್ತದೆ. ಜೇಡಿ ತುಂಬಿದ ಟೋಪಿ ಮಾತ್ರ ಭಾರ. ಅದಕ್ಕೆ ಮುಂದಕ್ಕೆ ಹೋಗುವ ರಭಸ ಇನ್ನೂ ಇದೆ. ಓಡುತ್ತಿದ್ದ ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಹಾಗೆ ಟೋಪಿ ಮುಂದಕ್ಕೆ ಕಳಚಿಕೊಂಡಿತು. ಅಂಥ ವೇಗದಲ್ಲಿ 70 ಸೆಂ.ಮೀ. ಪ್ಯಾರಾಚೂಟ್ ಪೂರ್ತಿ ಅರಳಿದರೆ ಕಾಗದದ ಲೆಕ್ಕಕ್ಕೆ 15 ಕೆಜಿ ಭಾರಕ್ಕಿಂತ ಜಾಸ್ತಿ ಎಳೆತ. ನಿಜದಲ್ಲಿ ಅರಳುವಷ್ಟರಲ್ಲೇ ವೇಗ ಇಳಿಯುತ್ತದೆ, ಎಳೆತವೂ ಕಮ್ಮಿಯಾಗುತ್ತದೆ. ಆದರೂ ಕಸದ ಚೀಲಕ್ಕೆ ಅಂಟಿಸಿದ ಟೇಪು ಎಷ್ಟು ತಾನೆ ತಡೆದೀತು?

ಅಣ್ಣ ಟೋಪಿಯನ್ನು ಬಿಗಿ ಮಾಡಿದ. ಒಳಗಡೆ ಒಂದು ಸುತ್ತು ಟೇಪು. ಈಗ ಟೋಪಿ ಬೇಗ ಬೀಳಲಿಲ್ಲ. ಆಮೇಲೂ ಬೀಳಲಿಲ್ಲ. ಪ್ಯಾರಾಚೂಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ರಾಕೆಟ್ಟು ನೆಲಕ್ಕೆ ಕುಟ್ಟಿಕೊಂಡಿತು. ಅರ್ಧ ಸುತ್ತು ಟೇಪು, ಕಾಲು ಸುತ್ತು ಟೇಪು ಎಂದು ಮೂರು ವಾರ ಇದೇ ಆಟ. ಒಂದು ದಿನ ಬೇಗ ಕಳಚುತ್ತದೆ, ಇನ್ನೊಂದು ದಿನ ಕಳಚುವುದೇ ಇಲ್ಲ. ಟೋಪಿ ಸ್ವಲ್ಪ ಒದ್ದೆಯಾದರೂ ಬಿಗಿತ ಬದಲಾಗುತ್ತಿತ್ತು.

ಆಗ ತಂಗಿ ಕೇಳಿದ ಪ್ರಶ್ನೆಯನ್ನು ಈ ಪ್ರಕರಣದ ಮೊದಲ ತಿರುವು ಎಂದು ನಾನು ಗುರುತಿಸುತ್ತೇನೆ. ಅಣ್ಣ ಕೂತು ಟೇಪು ಕತ್ತರಿಸುತ್ತಿದ್ದ. ಅವಳು ಪಕ್ಕದಲ್ಲಿ ನಿಂತು, "ಅಣ್ಣಾ, ಮೇಲೆ ಹೋದಾಗ ಟೋಪಿನೂ ಬೀಳ್ತಿರತ್ತೆ, ಬಾಟಲಿನೂ ಬೀಳ್ತಿರತ್ತೆ. ಎರಡೂ ಒಟ್ಟಿಗೆ ಬೀಳ್ತಿದ್ರೆ ಟೋಪಿ ಯಾಕೆ ಬಿಟ್ಟು ಹೋಗತ್ತೆ?" ಅಂದಳು.

ಅಣ್ಣ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ.

ಅವಳು ಹೇಳಿದ್ದು ಸರಿ. ನಾವೆಲ್ಲ ನೆಲದ ಮೇಲೆ ನಿಂತು ಯೋಚಿಸುತ್ತಿದ್ದೆವು. ಕೈಯಲ್ಲಿ ಹಿಡಿದ ಡಬ್ಬಿಯನ್ನು ಬೋರಲು ಮಾಡಿದರೆ ಮುಚ್ಚಳ ಬೀಳುತ್ತದೆ, ನಿಜ. ಡಬ್ಬಿಯನ್ನು ಕೈ ಹಿಡಿದಿದೆ, ಮುಚ್ಚಳವನ್ನು ಯಾರೂ ಹಿಡಿದಿಲ್ಲ, ಅದಕ್ಕೇ ಬೀಳುವುದು. ಆಕಾಶದಲ್ಲಿ ರಾಕೆಟ್ಟನ್ನು ಹಿಡಿದವರು ಯಾರಿದ್ದಾರೆ? ಹಾರಾಟದ ನೆತ್ತಿಯಲ್ಲಿ ಗಾಳಿಯ ಒತ್ತು ಕೂಡ ಹೆಚ್ಚು ಕಮ್ಮಿ ಸೊನ್ನೆ. ಟೋಪಿ, ಪ್ಯಾರಾಚೂಟ್, ಬಾಟಲಿ ಮೂರೂ ಒಂದೇ ವೇಗದಲ್ಲಿ ಒಟ್ಟಿಗೆ ಬೀಳುತ್ತಿವೆ. ಬೇರೆಯಾಗಲು ಕಾರಣವೇ ಇಲ್ಲ. ಸಡಿಲ ಟೋಪಿ ಕೆಲವರಿಗೆ ಕೆಲಸ ಮಾಡುತ್ತದೆ, ನಿಜ. ರಾಕೆಟ್ಟು ಓರೆಯಾಗಿ ಹೋಗಿ ಗಾಳಿ ಪಕ್ಕದಿಂದ ಹೊಡೆದರೆ ಕಳಚಿಕೊಳ್ಳುತ್ತದೆ. ಆದರೆ ಅದನ್ನು ನಂಬಿಕೊಂಡು ಹಾರಿಸಲು ಆಗುವುದಿಲ್ಲ. ಕಳಚುವ ಶಕ್ತಿ ಅಲ್ಲಿ ತಾನಾಗಿ ಹುಟ್ಟುವುದಿಲ್ಲ. ನೆಲದಲ್ಲೇ ತುಂಬಿ ಕಳಿಸಬೇಕು, ಸ್ಪ್ರಿಂಗಿನಲ್ಲೋ ರಬ್ಬರಿನಲ್ಲೋ.

ಅಂದೇ ಟೋಪಿಯ ಯೋಚನೆಯನ್ನು ಬಿಟ್ಟೆವು. ಮೂರು ವಾರದ ಕೆಲಸವನ್ನು ಬಿಡುವುದು ಅಣ್ಣನಿಗೆ ಕಷ್ಟವಾಯಿತು. ಆದರೆ ಬಿಟ್ಟ.

ಪಕ್ಕದ ಬಾಗಿಲು

ಹೊಸ ಏರ್ಪಾಡು ಹೀಗಿತ್ತು. ಇನ್ನೊಂದು ಬಾಟಲಿಯ ನಡುಭಾಗವನ್ನು ಕತ್ತರಿಸಿ ಗಾಳಿ ತುಂಬುವ ಬಾಟಲಿಯ ಮೇಲೆ ಕೂರಿಸಿದರು. ಇದರೊಳಗೆ ಗಾಳಿಯ ಒತ್ತಡ ಇರುವುದಿಲ್ಲ, ಹಾಗಾಗಿ ಕತ್ತರಿಸಿದರೂ ಅಪಾಯವಿಲ್ಲ. ಗಾಳಿ ತುಂಬುವ ಬಾಟಲಿಗೆ ಮಾತ್ರ ಕತ್ತರಿ, ಸೂಜಿ, ಬಿಸಿ ಅಂಟು ಯಾವುದನ್ನೂ ತಾಗಿಸಲಿಲ್ಲ. ಬಿಸಿ ಅಂಟು ತಾಗಿದ ಕಡೆ ಆ ಪ್ಲಾಸ್ಟಿಕ್ ಸುಕ್ಕುಗಟ್ಟಿ ಬಲ ಕಳೆದುಕೊಳ್ಳುತ್ತದೆ. ಎರಡನ್ನೂ ಸೇರಿಸಿದ್ದು ಬರೀ ಟೇಪಿನಿಂದ.

ಈ ಮೇಲಿನ ಗೂಡಿನ ಪಕ್ಕದಲ್ಲಿ ಅಂಗೈ ಅಗಲದ ಬಾಗಿಲು ಕತ್ತರಿಸಿದರು. ಒಂದು ಬದಿಗೆ ಟೇಪಿನ ಕೀಲು. ಬಾಗಿಲ ಮೇಲೆ ಅಡ್ಡಲಾಗಿ ಒಂದು ರಬ್ಬರ್ ಬ್ಯಾಂಡ್. ಅದರ ಒಂದು ತುದಿ ಗೂಡಿನ ಕೊಕ್ಕೆಗೆ, ಇನ್ನೊಂದು ತುದಿ ಟೈಮರಿನ ಕಡ್ಡಿಗೆ. ಕಡ್ಡಿ ತಿರುಗಿದಾಗ ಬ್ಯಾಂಡ್ ಜಾರುತ್ತದೆ, ಬಾಗಿಲು ತೆರೆಯುತ್ತದೆ. ಮೊನಚಾದ ಟೋಪಿಯ ಬದಲು ತುದಿಗೆ ಅರ್ಧ ಟೆನಿಸ್ ಚೆಂಡು ಹಾಕಿದೆವು. ಯಾರ ಮೇಲಾದರೂ ಬಿದ್ದರೂ ಚುಚ್ಚಬಾರದು ಎಂದು.

ಟೈಮರ್ ಯಾವುದು ಎಂಬ ವಿಷಯಕ್ಕೆ ಅಣ್ಣನಿಗೂ ತಂಗಿಗೂ ಒಂದು ಸಂಜೆಯಿಡೀ ವಾದ ನಡೆಯಿತು. ಅಣ್ಣನಿಗೆ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಗಾಳಿಯೊತ್ತಡ ಅಳೆಯುವ ಸೆನ್ಸರ್, ಹೇಳಿದಷ್ಟೇ ತಿರುಗುವ ಒಂದು ಸರ್ವೋ ಮೋಟಾರ್ ಹಾಕುವ ಆಸೆ. ಎತ್ತರ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 8 ಮೀಟರಿಗೆ 1 ಹೆಕ್ಟೋಪ್ಯಾಸ್ಕಲ್ (ಗಾಳಿಯೊತ್ತಡದ ಅಳತೆ). ಇಳಿಯುತ್ತಿದ್ದ ಒತ್ತಡ ಮತ್ತೆ ಏರಲು ಶುರುವಾದರೆ ನೆತ್ತಿ ದಾಟಿತು ಎಂದು ಬೋರ್ಡಿಗೆ ತಿಳಿಯುತ್ತದೆ. ವಿಧಾನ ಸರಿಯಾದದ್ದೇ, ತುಂಬಾ ಜನ ಹಾಗೆ ಮಾಡುತ್ತಾರೆ. ತಂಗಿಗೆ ಕೀ ಕೊಟ್ಟರೆ ನಡೆಯುವ ಆಟಿಕೆಯ ಗೇರ್ ಪೆಟ್ಟಿಗೆಯೇ ಸಾಕು ಎಂದು. ನೀರಿನ ರಾಕೆಟ್ ಮಾಡುವವರಲ್ಲಿ ಇದು ಹಳೆಯ ಉಪಾಯ. ಟೋಮಿ ಎಂಬ ಜಪಾನಿನ ಆಟಿಕೆ ಕಂಪನಿಯ ಹೆಸರಿನಿಂದ ಇದನ್ನು ಟೋಮಿ ಟೈಮರ್ ಎಂದೇ ಕರೆಯುತ್ತಾರೆ.

"ನಿನ್ನ ಆಟಿಕೆ ಕರೆಕ್ಟಾಗಿ ನೆತ್ತಿಗೆ ತೆರೆಯಲ್ಲ ಕಣೇ, ಒಂದು ಸೆಕೆಂಡು ಆಚೆ ಈಚೆ ಆಗತ್ತೆ" ಅಂದ ಅಣ್ಣ.

ನಾನು ಒಂದು ಲೆಕ್ಕ ಮಾಡೋಣ ಅಂದೆ. ಸೊನ್ನೆ ವೇಗದಿಂದ ಬೀಳಲು ಶುರುವಾದ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತದೆ? ಸುಮಾರು 5 ಮೀಟರ್. ಆಗ ಅದರ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 10 ಮೀಟರ್. 43 ಮೀಟರ್ ಎತ್ತರ ಇರುವ ಕಡೆ 5 ಮೀಟರ್ ಹೋದರೆ ಏನು ನಷ್ಟ? ಒಂದು ಸೆಕೆಂಡು ಮೊದಲೇ ತೆರೆದರೂ ಲೆಕ್ಕ ಹೆಚ್ಚು ಕಮ್ಮಿ ಅಷ್ಟೇ. 10 ಮೀಟರ್ ವೇಗದಲ್ಲಿ ಅರಳಿದರೆ ಆಗುವ ಎಳೆತ 30 ಮೀಟರ್ ವೇಗದ ಎಳೆತದ ಒಂಬತ್ತನೇ ಒಂದು ಭಾಗ. ಅಂದರೆ ನೆತ್ತಿಯ ಅಕ್ಕಪಕ್ಕ ಎರಡು ಸೆಕೆಂಡಿನ ಅಗಲವಾದ ಕಿಟಕಿ ಇದೆ. ಅದರೊಳಗೆ ಯಾವಾಗ ತೆರೆದರೂ ನಡೆಯುತ್ತದೆ. ಕ್ಷಣ ಹಿಡಿಯಲು ಸೆನ್ಸರ್ ಬೇಕಾಗಿಲ್ಲ. ಬೇಕಾಗಿರುವುದು ಪ್ರತಿ ಸಲವೂ ತಪ್ಪದೆ ತೆರೆಯುವ ಬಾಗಿಲು.

ಇದು ಎರಡನೇ ತಿರುವು. ಅಣ್ಣ ಬೋರ್ಡನ್ನು ಪೆಟ್ಟಿಗೆಗೆ ವಾಪಸ್ ಹಾಕಿದ. ಟೈಮರನ್ನು 3 ಸೆಕೆಂಡಿಗೆ ಇಟ್ಟೆವು. ರಾಕೆಟ್ಟು ಏಳುವ ಮೊದಲೇ ಅದು ಓಡಿಬಿಡಬಾರದಲ್ಲ, ಅದಕ್ಕೆ ಗೂಡಿನ ತೂತಿನಿಂದ ಒಂದು ನೇರ ತಂತಿ ತೂರಿಸಿ ಕಡ್ಡಿಯನ್ನು ತಡೆದೆವು. ತಂತಿಯ ಇನ್ನೊಂದು ತುದಿಗೆ ದಾರ, ದಾರ ನೆಲದ ಸ್ಟ್ಯಾಂಡಿಗೆ. ರಾಕೆಟ್ಟು ಮೇಲೆದ್ದರೆ ತಂತಿ ಕೆಳಗೇ ಉಳಿಯುತ್ತದೆ, ಟೈಮರ್ ಓಡಲು ಶುರು.

ಬಾಗಿಲು ತೆರೆಯಿತು, ಪ್ಯಾರಾಚೂಟ್ ಬರಲಿಲ್ಲ

ಮೊದಲ ಹಾರಾಟ. ನೆತ್ತಿಯ ಹತ್ತಿರ ಬಾಗಿಲು ತೆರೆದದ್ದು ಬರಿಗಣ್ಣಿಗೇ ಕಂಡಿತು. ತಂಗಿ ಕೂಗಿಕೊಂಡಳು. ಆದರೆ ರಾಕೆಟ್ಟು ಹಾಗೇ ಬಂದು ಬಿತ್ತು. ಓಡಿ ಹೋಗಿ ನೋಡಿದರೆ ಬಾಗಿಲು ಹಾರುಹೊಡೆದಿದೆ, ಪ್ಯಾರಾಚೂಟ್ ಒಳಗೆ ಕೂತಿದೆ. ಎರಡನೇ ಸಲವೂ ಅದೇ.

ಮನೆಯಲ್ಲಿ ಎಷ್ಟು ಸಲ ಪ್ರಯತ್ನಿಸಿದರೂ ಬಾಗಿಲು ತೆರೆದ ಕೂಡಲೇ ಪ್ಯಾರಾಚೂಟ್ ಹೊರಗೆ ಜಾರುತ್ತಿತ್ತು. ಬಯಲಿನಲ್ಲಿ ಮಾತ್ರ ಇಲ್ಲ. ಸುಮ್ನೆ ಇನ್ನೊಂದು ಸಲ ಹಾರಿಸಿ ನೋಡೋಣ ಎಂಬ ಆಸೆ ಇಬ್ಬರಿಗೂ ಬಂತು. ನಾನು ಬೇಡ ಅಂದೆ. ಈ ಮೂರು ತಿಂಗಳಲ್ಲಿ ನಾನು ಬಿಗಿಯಾಗಿ ಹಿಡಿದ ಒಂದೇ ಮಾತು ಅದು. ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆ ಹಾರಿಸಿದರೆ ಇನ್ನೊಂದು ಬಾಟಲಿ ಒಡೆಯುತ್ತದೆಯೇ ಹೊರತು ಕಾರಣ ತಿಳಿಯುವುದಿಲ್ಲ.

ನೋಟ್‌ಬುಕ್ಕಿನಲ್ಲಿ ತಂಗಿ ಬರೆದಿದ್ದ ಒಂದು ಸಾಲು ಆಗ ಕೈಹಿಡಿಯಿತು. "ಪ್ಯಾರಾಚೂಟ್ ಗೂಡಿನ ತಳದಲ್ಲಿ ಉಂಡೆ ಆಗಿತ್ತು." ನಾವು ಇಟ್ಟದ್ದು ನಡುವೆ, ಬಾಗಿಲಿಗೆ ಎದುರಾಗಿ. ಸಿಕ್ಕಿದ್ದು ತಳದಲ್ಲಿ, ಬಾಗಿಲಿನ ಅಂಚಿಗಿಂತ ಕೆಳಗೆ. ಯಾರೋ ಮುಷ್ಟಿಯಿಂದ ಒತ್ತಿ ತುರುಕಿದ ಹಾಗೆ.

ಒತ್ತಿದ್ದು ರಾಕೆಟ್ಟೇ. ನೀರು ಚಿಮ್ಮುವ ಆ ಹತ್ತನೇ ಒಂದು ಸೆಕೆಂಡಿನ ಲೆಕ್ಕ ಮಾಡಿದೆವು. ಶುರುವಿನಲ್ಲಿ ರಾಕೆಟ್ಟಿನ ತಳ್ಳು ಸುಮಾರು 30 ಕೆಜಿ ಭಾರದಷ್ಟು. ನೀರು ತುಂಬಿದ ರಾಕೆಟ್ಟಿನ ತೂಕ 850 ಗ್ರಾಂ. ಅಂದರೆ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ 35 ಪಟ್ಟು ಭಾರ ಆಗುತ್ತದೆ. ನೀರು ಖಾಲಿಯಾಗುತ್ತ ಬಂದಂತೆ ರಾಕೆಟ್ಟು ಹಗುರವಾಗುತ್ತದೆ, ಈ ಪಟ್ಟು 70ರ ಹತ್ತಿರ ಹೋಗುತ್ತದೆ. ನಮ್ಮ ಪ್ಯಾರಾಚೂಟಿನ ಗಂಟು 25 ಗ್ರಾಂ. ಆ ಕ್ಷಣದಲ್ಲಿ ಅದು ಪೌನೇ ಎರಡು ಕೆಜಿ ಭಾರದ ಹಾಗೆ ತಳಕ್ಕೆ ಒತ್ತಿಕೊಳ್ಳುತ್ತದೆ! ಮೆತ್ತನೆಯ ಪ್ಲಾಸ್ಟಿಕ್ ಹಾಳೆ ಉಂಡೆ ಆಗದೆ ಇನ್ನೇನಾಗುತ್ತದೆ?

ಇದನ್ನು ಹಾರಿಸದೆ ಮನೆಯಲ್ಲೇ ಪರೀಕ್ಷಿಸಬಹುದಾ ಎಂದು ಅಣ್ಣ ಕೇಳಿದ. ಉಪಾಯ ಇದೆ. ಒಂದು ಮೀಟರ್ ಎತ್ತರದಿಂದ ರಾಕೆಟ್ಟನ್ನು ಬಾಲ ಕೆಳಗೆ ಮಾಡಿ ಮಡಚಿದ ಕಂಬಳಿಯ ಮೇಲೆ ಬಿಡಬೇಕು. ಕಂಬಳಿ 2 ಸೆಂ.ಮೀ. ತಗ್ಗಿ ರಾಕೆಟ್ಟನ್ನು ನಿಲ್ಲಿಸಿತು ಎಂದುಕೊಳ್ಳಿ. ಒಂದು ಮೀಟರ್ ಅಂದರೆ 100 ಸೆಂ.ಮೀ. 100ನ್ನು 2ರಿಂದ ಭಾಗಿಸಿದರೆ 50. ನಿಲ್ಲುವ ಆ ಹೊಡೆತ ಸುಮಾರು 50 ಪಟ್ಟು, ದಿಕ್ಕು ಕೂಡ ಹಾರುವಾಗಿನದ್ದೇ. ಈ ಪರೀಕ್ಷೆಗೆ ಹಾರಿಸುವ ಬಾಟಲಿ ಬಳಸಲಿಲ್ಲ. ಮಡಿಕೆ ಬಿದ್ದು ಪಕ್ಕಕ್ಕಿಟ್ಟಿದ್ದ ಹಳೆಯ ಬಾಟಲಿಗೆ ಗೂಡನ್ನು ಕಟ್ಟಿದೆವು.

ಬಿಟ್ಟೆವು. ಬಾಗಿಲು ತೆರೆದೆವು. ಪ್ಯಾರಾಚೂಟ್ ತಳದಲ್ಲಿ ಉಂಡೆಯಾಗಿ ಕೂತಿತ್ತು. ಆ ಹೊತ್ತಿನಲ್ಲಿ ಮೂವರಿಗೂ ಆದ ಖುಷಿ ಹಾರಾಟ ಗೆದ್ದಾಗಲೂ ಆಗಿರಲಿಲ್ಲ. ಬಯಲಿನಲ್ಲಿ ಕಣ್ಣಿಗೆ ಸಿಗದ ತೊಂದರೆ ಈಗ ಕೋಣೆಯೊಳಗೆ, ಕಂಬಳಿಯ ಮೇಲೆ, ಕೈಗೆ ಸಿಕ್ಕಿತ್ತು.

ಸರಿಪಡಿಸಲು ಎರಡು ದಿನ ಸಾಕಾಯಿತು. ಗೂಡಿನ ತಳವನ್ನು ಥರ್ಮಾಕೋಲಿನ ಬಿಲ್ಲೆಯಿಂದ ಬಾಗಿಲಿನ ಕೆಳ ಅಂಚಿನವರೆಗೂ ಎತ್ತರಿಸಿದರು. ಉಂಡೆ ಹೋಗಿ ಅಡಗಲು ಇನ್ನು ಜಾಗವೇ ಇಲ್ಲ. ಬಾಗಿಲಿನ ಎದುರಿನ ಗೋಡೆಗೆ ಬಾಟಲಿಯ ಪ್ಲಾಸ್ಟಿಕ್ಕಿನದೇ ಒಂದು ಪಟ್ಟಿಯನ್ನು ಬಿಲ್ಲಿನಂತೆ ಬಗ್ಗಿಸಿ ಕೂರಿಸಿದರು. ಬಾಗಿಲು ಮುಚ್ಚಿದಾಗ ಪ್ಯಾರಾಚೂಟಿನ ಗಂಟು ಆ ಬಿಲ್ಲನ್ನು ಅದುಮಿ ಕೂರುತ್ತದೆ. ಬಾಗಿಲು ತೆರೆದರೆ ಬಿಲ್ಲು ಅದನ್ನು ಹೊರಗೆ ಎಸೆಯುತ್ತದೆ. ಈಗ ನೆಲದ ಮೇಲೆ ಬಾಗಿಲು ತೆರೆದರೆ ಗಂಟು ಒಂದು ಮಾರು ದೂರ ಹೋಗಿ ಬೀಳುತ್ತಿತ್ತು.

ಹತ್ತರ ನಿಯಮ

ಇದಾದ ಮೇಲೆ ಒಂದು ನಿಯಮ ಮಾಡಿದೆವು. ಕಂಬಳಿಯ ಮೇಲೆ ಬೀಳಿಸಿ, ಟೈಮರಿನಿಂದಲೇ ಬಾಗಿಲು ತೆರೆಸಿ, ಪ್ಯಾರಾಚೂಟ್ ಪೂರ್ತಿ ಹೊರಗೆ ಬರಬೇಕು. ಹೀಗೆ ಒಂದೇ ಸಮನೆ ಹತ್ತು ಸಲ. ನಡುವೆ ಒಂದು ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ.

ಏಳನೆಯದು ತಪ್ಪಿತು. ಒಂದು ದಾರ ಬಾಗಿಲಿನ ಕತ್ತರಿಸಿದ ಅಂಚಿಗೆ ಸಿಕ್ಕಿಕೊಂಡಿತ್ತು. ಅಂಚಿಗೆಲ್ಲ ಟೇಪು ಸುತ್ತಿ ನುಣುಪು ಮಾಡಿದರು. ಎಣಿಕೆ ಮತ್ತೆ ಶುರು. ಈ ಸಲ ನಾಲ್ಕನೆಯದಕ್ಕೆ ತಡೆ ತಂತಿ ಓರೆಯಾಗಿ ಸಿಕ್ಕಿಕೊಂಡಿತು. ತಂತಿಯ ತೂತನ್ನು ನೇರ ಕೆಳಮುಖವಾಗಿ ಮಾಡಿದರು. ಮೂರನೇ ಸಲ ಹತ್ತೂ ಗೆದ್ದವು. ಈ ಎರಡು ತಪ್ಪುಗಳು ಆಕಾಶದಲ್ಲಿ ಆಗಿದ್ದರೆ ಎರಡು ಬಾಟಲಿ ಹೋಗುತ್ತಿದ್ದವು, ಅಲ್ವಾ? ಕಾರಣವೂ ಬಹುಶಃ ಗೊತ್ತಾಗುತ್ತಿರಲಿಲ್ಲ.

ಅಷ್ಟರಲ್ಲಿ ಪ್ಯಾರಾಚೂಟನ್ನೂ ಬದಲಿಸಿದ್ದರು. ದೊಡ್ಡದಾದಷ್ಟೂ ಒಳ್ಳೆಯದು ಎಂದು ಮೊದಲು 70 ಸೆಂ.ಮೀ. ಮಾಡಿದ್ದರಲ್ಲ, ಖಾಲಿ ರಾಕೆಟ್ಟಿನ ತೂಕ ಈಗ 200 ಗ್ರಾಂ. ಇಷ್ಟು ಭಾರಕ್ಕೆ ಆ ಹಾಳೆ ಹಾಕಿದರೆ ಸೆಕೆಂಡಿಗೆ ಸುಮಾರು 3.4 ಮೀಟರ್ ವೇಗದಲ್ಲಿ ಇಳಿಯುತ್ತದೆ. 43 ಮೀಟರ್ ಇಳಿಯಲು ಹದಿಮೂರು ಸೆಕೆಂಡು. ಸೆಕೆಂಡಿಗೆ 4 ಮೀಟರ್ ಗಾಳಿ ಇದ್ದರೆ ಅಷ್ಟರಲ್ಲಿ 50 ಮೀಟರ್ ಆಚೆ ತೇಲಿ ಹೋಗಿರುತ್ತದೆ, ಮರದ ಮೇಲೋ ಮನೆಯ ಮೇಲೋ. 47 ಸೆಂ.ಮೀ. ಹಾಳೆಯಾದರೆ ಇಳಿಯುವ ವೇಗ 5 ಮೀಟರ್. ಒಂದೂಕಾಲು ಮೀಟರ್ ಎತ್ತರದಿಂದ ಕೈಬಿಟ್ಟರೆ ಎಷ್ಟು ಜೋರಾಗಿ ಬೀಳುತ್ತದೋ ಅಷ್ಟು. ಬಾಟಲಿ ತಡೆಯುತ್ತದೆ. ತೇಲುವ ದೂರವೂ ಕಮ್ಮಿ. ಅದನ್ನೇ ಆರಿಸಿದರು. ದಾರಗಳ ಉದ್ದ 60 ಸೆಂ.ಮೀ. ಹಾಳೆಯ ನಡುವೆ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ ತೂತು. ಗಾಳಿ ಅಲ್ಲಿಂದ ಹೊರಹೋಗುವುದರಿಂದ ಪ್ಯಾರಾಚೂಟ್ ಗಡಿಯಾರದ ಲೋಲಕದಂತೆ ತೂಗಾಡುವುದು ಕಮ್ಮಿಯಾಗುತ್ತದೆ. ದಾರವನ್ನು ಹಾಳೆಯ ಒಂದೇ ಮೈಗೆ ಅಂಟಿಸದೆ, ಮೂಲೆಯ ಎರಡೂ ಕಡೆ ಟೇಪು ಮಡಚಿ ನಡುವೆ ದಾರವನ್ನು ಗಂಟು ಹಾಕಿದರು. ರಾಕೆಟ್ಟಿಗೂ ದಾರಗಳಿಗೂ ನಡುವೆ ಒಂದು ಮೀಟರ್ ಇಲಾಸ್ಟಿಕ್. ಅರಳುವಾಗಿನ ಜಗ್ಗನ್ನು ಅದು ನುಂಗಿಕೊಳ್ಳುತ್ತದೆ.

ನಾವು ಎಣಿಸಿರದ ಒಂದು ಲಾಭವೂ ಸಿಕ್ಕಿತು. ಗೂಡು, ಟೈಮರ್, ಪ್ಯಾರಾಚೂಟ್ ಎಲ್ಲ ಮೇಲ್ಗಡೆ ಇರುವುದರಿಂದ ತಲೆ ತಾನಾಗಿ ಭಾರವಾಯಿತು. ರಾಕೆಟ್ಟನ್ನು ದಾರಕ್ಕೆ ಕಟ್ಟಿ ತಲೆಯ ಸುತ್ತ ತಿರುಗಿಸಿ ನೋಡಿದೆವು. ಮೂತಿ ಮುಂದಾಗಿಯೇ ತಿರುಗಿತು. ಹಾಗಾಗಿ 40 ಗ್ರಾಂ ಜೇಡಿಯನ್ನು ತೆಗೆದುಹಾಕಿದೆವು. ಪ್ಯಾರಾಚೂಟ್ ಹಾಕಿದರೆ ಭಾರ ಜಾಸ್ತಿಯಾಗಿ ಎತ್ತರ ಹೋಗುವುದಿಲ್ಲ ಎಂದು ಹೆದರುವವರು ಇದನ್ನು ಗಮನಿಸಬೇಕು. ಹೇಗೂ ಹೊರಬೇಕಾದ ಭಾರದ ಜಾಗಕ್ಕೆ ಕೆಲಸ ಮಾಡುವ ಭಾರ ಬಂತು.

ಹಾರಿದ ದಿನ

ಬೆಳಿಗ್ಗೆ ಗಾಳಿ ಇರಲಿಲ್ಲ. ತಂಗಿ ಹಾಳೆಯನ್ನು ಮೊಣಕಾಲ ಮೇಲೆ ಹರಡಿ ಸ್ವಲ್ಪ ಪೌಡರ್ ಉದುರಿಸಿದಳು. ಎಂಟು ಮಡಿಕೆಯನ್ನೂ ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಕೂಡಿಸಿದಳು. ಉದ್ದದ ಪಟ್ಟಿಯನ್ನು ಹಿಂದೆ ಮುಂದೆ ಮೂರು ಸಲ ಮಡಚಿ, ದಾರಗಳನ್ನು ಸುತ್ತದೆ ಹಾವಿನ ನಡೆಯಂತೆ ಅದರ ಮೇಲೆ ಇಟ್ಟಳು. ಗಂಟನ್ನು ಬಿಲ್ಲಿಗೆ ಒತ್ತಿ ಬಾಗಿಲು ಮುಚ್ಚಿದಳು. ರಬ್ಬರ್ ಬ್ಯಾಂಡ್ ಎಳೆದು ಕಡ್ಡಿಗೆ ಸಿಕ್ಕಿಸಿದಳು. ಎಲ್ಲ ಸೇರಿ ಎರಡು ನಿಮಿಷ. ಅವಳ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಕೋಣೆಯಲ್ಲಿ ಅದೇ ಮಡಿಕೆಯನ್ನು ಎಷ್ಟು ಸಲ ಹಾಕಿದ್ದಳು!

ಅಣ್ಣ ಹಗ್ಗ ಎಳೆದ. ನೀರಿನ ಬಿಳಿ ಗೆರೆ, ಆಮೇಲೆ ಬರೀ ಆಕಾಶ. ನೆತ್ತಿಯಲ್ಲಿ ರಾಕೆಟ್ಟು ನಿಧಾನಕ್ಕೆ ಪಕ್ಕಕ್ಕೆ ವಾಲುವಾಗ ಅದರ ಪಕ್ಕದಿಂದ ಕಪ್ಪಾದದ್ದು ಏನೋ ಚಿಮ್ಮಿತು. ಒಂದು ಕ್ಷಣ ಚಿಂದಿಯಂತೆ ಅಲುಗಿತು, ಮರುಕ್ಷಣ ದುಂಡಗೆ ಅರಳಿ ನಿಂತಿತು. ಒಂಬತ್ತು ಸೆಕೆಂಡು ನಾವು ಮೂವರೂ ಮಾತಾಡಲಿಲ್ಲ. ರಾಕೆಟ್ಟು ಬಂದು ರೆಕ್ಕೆಯೂರಿ ಹುಲ್ಲಿನ ಮೇಲೆ ಮಲಗಿತು. ಬಾಟಲಿಯ ಮೇಲೆ ಒಂದು ಗೀರೂ ಇರಲಿಲ್ಲ.

ಆಮೇಲೆ ತಪ್ಪಿದ ಎರಡು

ನಂತರ ಹನ್ನೆರಡು ಸಲ ಹಾರಿಸಿದರು. ಹತ್ತು ಸಲ ಪ್ಯಾರಾಚೂಟ್ ಅರಳಿತು, ಎರಡು ಸಲ ಇಲ್ಲ. ಆ ಎರಡನ್ನು ಬರೆಯದೆ ಬಿಟ್ಟರೆ ಈ ಅಧ್ಯಯನ ಅರ್ಧ.

ಒಂದು ಸಲ ಬೆಳಿಗ್ಗೆ ಸಮಯ ಉಳಿಯಲಿ ಎಂದು ಹಿಂದಿನ ರಾತ್ರಿಯೇ ಪ್ಯಾರಾಚೂಟ್ ಮಡಚಿ ಗೂಡಿಗೆ ಹಾಕಿಟ್ಟಿದ್ದರು. ಬಾಗಿಲು ತೆರೆಯಿತು, ಗಂಟು ಹೊರಗೆ ಬಂತು. ಆದರೆ ಅರಳದೆ ಕೋಲಿನಂತೆ ಹಿಂದೆ ಹಿಂದೆ ಬಂತು. ರಾತ್ರಿಯಿಡೀ ಅದುಮಿಟ್ಟ ತೆಳು ಪ್ಲಾಸ್ಟಿಕ್ ಮಡಿಕೆಯಲ್ಲೇ ಅಂಟಿಕೊಂಡಿತ್ತು. ಅಂದಿನಿಂದ ಮಡಚುವ ಕೆಲಸ ಬಯಲಿನಲ್ಲೇ, ಗಾಳಿ ಹೊಡೆಯುವ ಮೊದಲು ಮಾತ್ರ.

ಇನ್ನೊಂದು ಸಲ ಟೈಮರಿಗೆ ಕೀ ಕೊಡುವುದನ್ನೇ ಮರೆತಿದ್ದರು. ಅಂದು ನೋಡಲು ನಾಲ್ಕೈದು ಜನ ಬಂದಿದ್ದರು, ಮಾತಿನ ನಡುವೆ ತಪ್ಪಿಹೋಯಿತು. ಅಣ್ಣ ತಂಗಿಯ ಮೇಲೆ ರೇಗಿದ, ತಂಗಿ ಅತ್ತಳು. ಇದು ಯಾರ ತಪ್ಪು ಎಂದು ಹುಡುಕುವುದಕ್ಕಿಂತ, ಮರೆಯಲು ಆಗದ ಹಾಗೆ ಏನು ಮಾಡಬಹುದು ನೋಡೋಣ ಅಂದೆ. ದಾರಿ ಅಣ್ಣನೇ ಕಂಡುಕೊಂಡ. ತಡೆ ತಂತಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ. ಕೀ ಕೊಟ್ಟ ಮೇಲಷ್ಟೇ ತಂತಿಯನ್ನು ತೂರಿಸುವುದು. ಕೆಂಪು ಬಟ್ಟೆ ಗೂಡಿನ ಮೇಲೆ ಕಾಣದಿದ್ದರೆ ಪಂಪಿಗೆ ಯಾರೂ ಕೈ ಹಾಕುವ ಹಾಗಿಲ್ಲ. ತಂಗಿ ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಾಳೆ: ಮಡಿಕೆ, ಬಿಲ್ಲು, ಕೀ, ಕೆಂಪು. ಅಣ್ಣ ಪ್ರತಿಯೊಂದನ್ನೂ ಕೈಯಿಂದ ಮುಟ್ಟಿ "ಹೂಂ" ಅನ್ನುತ್ತಾನೆ. ಆಮೇಲೆ ನೀರು.

ಹೊಸದಾಗಿ ಮಾಡುವವರು ಇಲ್ಲಿಂದ ಏನನ್ನು ಎತ್ತಿಕೊಳ್ಳಬೇಕು ಎಂದು ಕೇಳಿದರೆ ನಾನು ಕಂಬಳಿಯ ಪರೀಕ್ಷೆಯನ್ನು ತೋರಿಸುತ್ತೇನೆ. ಟೈಮರ್ ಬೇರೆ ಇರಬಹುದು, ಬಾಗಿಲು ಬೇರೆ ಆಕಾರದ್ದಿರಬಹುದು, ಬೋರ್ಡು ಸೆನ್ಸರ್ ಇದ್ದರೂ ಸರಿಯೇ. ಪ್ಯಾರಾಚೂಟನ್ನು ಹೊರಗೆ ತಳ್ಳುವ ಶಕ್ತಿ ಗೂಡಿನೊಳಗೇ ಇರಬೇಕು. ಹೊಡೆತ ತಿಂದ ಮೇಲೂ ಆ ಶಕ್ತಿ ಕೆಲಸ ಮಾಡುತ್ತದೆ ಎಂಬುದನ್ನು ನೆಲದಲ್ಲೇ ನೋಡಿಕೊಳ್ಳಬೇಕು. ನಾವು ಮೊದಲ ಮೂರು ವಾರ ಮಾಡಿದ್ದು ಇದರ ಉಲ್ಟಾ. ಪ್ಯಾರಾಚೂಟನ್ನು ಮಾತ್ರ ಮಹಡಿಯಿಂದ ಬಿಟ್ಟು ಪರೀಕ್ಷಿಸಿದ್ದೆವು. ಅದು ಮೊದಲ ದಿನದಿಂದಲೂ ಚೆನ್ನಾಗಿಯೇ ಅರಳುತ್ತಿತ್ತು.

ಆ ಬಾಟಲಿಯ ಮೇಲೆ ತಂಗಿ ಪ್ರತಿ ಹಾರಾಟಕ್ಕೂ ಮಾರ್ಕರಿನಿಂದ ಒಂದು ಗೆರೆ ಎಳೆದಿದ್ದಾಳೆ. ಹನ್ನೊಂದು ಗೆರೆಯಾದ ಮೇಲೆ, ಕೀ ಮರೆತ ಆ ದಿನ, ಕುತ್ತಿಗೆಯ ಹತ್ತಿರ ಸಣ್ಣ ಬಿಳಿ ಮಡಿಕೆ ಕಂಡಿತು. ಅವಳೇ ಅದನ್ನು ನೋಡಿ, ಅವಳೇ ಪಕ್ಕಕ್ಕಿಟ್ಟಳು. ಈಗ ಕಂಬಳಿಯ ಪರೀಕ್ಷೆಗೆ ಬಳಸುವುದು ಅದೇ ಬಾಟಲಿ.